ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಮೆಟ್ರೋ: ಹಸಿರು ಹತ್ತಿ ಹಳದಿ ಹಿಡಿಯೋದು ನಿಜವಾಗ್ಲೂ ವರ್ಕ್ ಆಗುತ್ತಾ?

ನವರಂಗ್_ಸರ್ಕಲ್
ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮ ಆಫೀಸು ಎಲೆಕ್ಟ್ರಾನಿಕ್ ಸಿಟಿ ಫೇಸ್ 1ಕ್ಕೆ ಶಿಫ್ಟ್ ಆಗ್ತಿದೆ. ಮನೆ ರಾಜಾಜಿನಗರದಲ್ಲಿ, ಮೆಟ್ರೋ ಸ್ಟೇಷನ್ ನಡ್ಕೊಂಡು ಹೋಗೋ ದೂರ. ಆಫೀಸಿಂದ ಕ್ಯಾಬ್ ಕೊಡ್ತಾರೆ, ಆದ್ರೆ ಬೆಳಿಗ್ಗೆ ಮೊದಲ ಪಿಕಪ್ ನಂದೇ ಆಗೋದ್ರಿಂದ ಆರೂವರೆಗೇ ರೆಡಿಯಾಗಿ ಗೇಟ್ ಹತ್ರ ನಿಂತಿರ್ಬೇಕು, ಸಂಜೆ ಕೊನೇ ಡ್ರಾಪ್ ಕೂಡ ನಂದೇ. ಮಗಳಿಗಿನ್ನೂ ನಾಲ್ಕು ವರ್ಷ, ಅವಳು ಏಳೋಕೆ ಮುಂಚೆ ಮನೆ ಬಿಟ್ಟು ಅವಳು ಮಲಗಿದ ಮೇಲೆ ವಾಪಸ್ ಬರೋ ಜೀವನ ನಂಗೆ ಬೇಡ.

ಪ್ಲಾನ್ ಏನಂದ್ರೆ ಹಸಿರು ಲೈನಲ್ಲಿ ಆರ್.ವಿ. ರೋಡ್ ತನಕ, ಅಲ್ಲಿಂದ ಹಳದಿ. ಆಪಲ್ಲಿ ಒಂದು ಗಂಟೆ ಚಿಲ್ರೆ ತೋರಿಸ್ತಿದೆ. ದಿನಾ ಹೀಗೆ ಓಡಾಡೋರು ಹೇಳಿ: ಪೀಕ್ ಅವರಲ್ಲಿ ನಿಜವಾಗಿ ಎಷ್ಟೊತ್ತು ಬೇಕು, ಆರ್.ವಿ. ರೋಡಲ್ಲಿ ರಶ್ ಹೇಗೆ, ಇಳಿದ ಮೇಲೆ ಆಫೀಸ್ ಗೇಟ್ ತನಕ ಹೇಗೆ ಹೋಗ್ತೀರಾ. ರಜೆ ದಿನ ಫ್ಯಾಮಿಲಿ ಜೊತೆ ಒಂದ್ ರೌಂಡ್ ಹೊಡೆದು ಬಂದೋರ ಅನುಭವ ಬೇಡ ಪ್ಲೀಸ್, ಕೆಲಸಕ್ಕೆ ಹೋಗೋರ ಮಾತು ಬೇಕು.

ಬಿಟಿಎಂ_2ನೇ_ಹಂತ
ಯೋಚನೆನೇ ಮಾಡ್ಬೇಡಿ ಸಾರ್, ಮೆಟ್ರೋ ಹಿಡೀರಿ. ಸಿಲ್ಕ್ ಬೋರ್ಡ್ ಜಂಕ್ಷನ್ನು ಮೇಲಿಂದ ದಾಟಿ ಹೋಗೋ ನೆಮ್ಮದಿ ಯಾವ ಕ್ಯಾಬಲ್ಲೂ ಸಿಗಲ್ಲ.

ಹೊಸ_ರೋಡ್_ಹುಡುಗ
ನಾನು ಉಲ್ಟಾ ಡೈರೆಕ್ಷನ್, ಹೊಸ ರೋಡಿಂದ ಯಶವಂತಪುರ ಕಡೆ ಬರ್ತೀನಿ, ಆದ್ರೆ ಲೈನ್ ಅದೇ. ಹೇಳ್ತೀನಿ ಕೇಳಿ. ರೈಲೊಳಗೆ ಕೂತ ಟೈಮ್ ಬಗ್ಗೆ ನೀವು ತಲೆನೇ ಕೆಡಿಸ್ಕೋಬೇಡಿ, ಅದು ಪಕ್ಕಾ ಇರುತ್ತೆ, ಮಳೆ ಬರ್ಲಿ ರಾಜಕೀಯದೋರ ಮೆರವಣಿಗೆ ಇರ್ಲಿ ವ್ಯತ್ಯಾಸ ಆಗಲ್ಲ. ರಾಜಾಜಿನಗರದಿಂದ ಆರ್.ವಿ. ರೋಡಿಗೆ ಅರ್ಧ ಗಂಟೆ ಒಳಗೆ ಬಂದ್ಬಿಡ್ತೀರಾ. ಲೆಕ್ಕ ತಪ್ಪೋದು ಆರ್.ವಿ. ರೋಡಲ್ಲಿ. 2025 ಆಗಸ್ಟಲ್ಲಿ ಹಳದಿ ಲೈನ್ ಶುರುವಾದಾಗ 25 ನಿಮಿಷಕ್ಕೊಂದು ಗಾಡಿ ಇತ್ತು, ಸೆಪ್ಟೆಂಬರಲ್ಲಿ 19 ಆಯ್ತು, ನವೆಂಬರಲ್ಲಿ 15ಕ್ಕೆ ಬಂತು. ನೀವು ಮೆಟ್ಟಿಲು ಇಳಿದು ಹತ್ತಿ ಪ್ಲಾಟ್‌ಫಾರ್ಮ್ ಮುಟ್ಟೋ ಹೊತ್ತಿಗೆ ಬಾಗಿಲು ಮುಚ್ಚಿತು ಅಂದ್ರೆ ಮುಗೀತು, ಪೂರ್ತಿ ಮುಂದಿನ ಗಾಡಿ ತನಕ ನಿಂತಿರ್ಬೇಕು, ಅಷ್ಟೊತ್ತಿಗೆ ಹಿಂದೆ ಇನ್ನೂ ಎರಡ್ಮೂರು ಹಸಿರು ಗಾಡಿ ಬಂದು ಜನ ಸುರಿದು ಹೋಗಿರ್ತವೆ.

ಅದಕ್ಕೆ ನಾನು ಹೇಳೋದು ಇಷ್ಟೇ. ಮೊದಲು ಹಳದಿ ಲೈನ್ ಟೈಮಿಂಗ್ ನೋಡ್ಕೊಳ್ಳಿ, ಆಮೇಲೆ ಅದಕ್ಕೆ ತಕ್ಕ ಹಾಗೆ ಮನೆ ಬಿಡೋ ಟೈಮ್ ಫಿಕ್ಸ್ ಮಾಡಿ. ಮನೆಯಿಂದ ಐದು ನಿಮಿಷ ಬೇಗ ಹೊರಟ್ರೆ ಕೆಲವು ಸಲ ಆಫೀಸಿಗೆ ಹದಿನೈದು ನಿಮಿಷ ಬೇಗ ಮುಟ್ತೀರಾ, ಯಾಕಂದ್ರೆ ಒಂದು ಗಾಡಿ ಮುಂಚೆದು ಸಿಕ್ಕಿರುತ್ತೆ.

ಜಯನಗರ_ಟಿ_ಬ್ಲಾಕ್
↑ ಇದು ನೂರಕ್ಕೆ ನೂರು ಸತ್ಯ. ಎಲ್ರೂ ದರದ ಬಗ್ಗೆ ಬೈತಾರೆ, ಗಾಡಿ ಮಧ್ಯೆ ಇರೋ ಗ್ಯಾಪ್ ಬಗ್ಗೆ ಮಾತಾಡೋರು ಕಮ್ಮಿ.

ಶ್ರೀರಾಂಪುರ_ಕ್ರಾಸ್
ದರದ ಬಗ್ಗೆನೂ ಮಾತಾಡೋಣ ಬಿಡಿ, ಅದೇನು ಸಣ್ಣ ವಿಷಯನಾ? 2025 ಫೆಬ್ರವರಿ 9ಕ್ಕೆ ರೇಟ್ ಏರಿಸಿದ್ರಲ್ಲ, ಅದಕ್ಕೆ ಮುಂಚೆ ಊರಿನ ಈ ತುದಿಯಿಂದ ಆ ತುದಿಗೆ ಹೋದ್ರೂ 60 ದಾಟ್ತಿರಲಿಲ್ಲ. ಈಗ ಮ್ಯಾಕ್ಸಿಮಮ್ 90. 20 ಕಿಲೋಮೀಟರ್ ದಾಟಿದ್ರೆ 80, 25 ದಾಟಿದ್ರೆ 90. ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿ ಅಂದ್ರೆ ಹೋಗಿ ಬರೋಕೆ 150 ರೂಪಾಯಿ ಮೇಲೆ ಇಟ್ಕೊಳ್ಳಿ. ತಿಂಗಳಿಗೆ ಗುಣಿಸಿ ನೋಡಿ. ಬಿಎಂಟಿಸಿಲಿ ತಿಂಗಳ ಪಾಸ್ ಇದೆ, ಮೆಟ್ರೋದಲ್ಲಿ ತಿಂಗಳ ಪಾಸ್ ಇಲ್ಲ. ದಿನಾ ಓಡಾಡೋನಿಗೂ ವರ್ಷಕ್ಕೊಮ್ಮೆ ಲಾಲ್‌ಬಾಗ್ ಫ್ಲವರ್ ಶೋಗೆ ಬರೋನಿಗೂ ಒಂದೇ ರೇಟು ಅನ್ನೋದು ಯಾವ ನ್ಯಾಯ?

ಹಳಿ_ಪ್ರೇಮಿ
ಒಂದೇ ರೇಟು ಅಲ್ಲ. ಕಾರ್ಡ್ ಇಟ್ಕೊಂಡೋರಿಗೆ 5 ಪರ್ಸೆಂಟ್ ಕಡಿಮೆ. ಬೆಳಿಗ್ಗೆ 8ರ ಒಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ ಆದ್ರೆ ಇನ್ನೊಂದು 5 ಸೇರಿ ಹತ್ತು. ಭಾನುವಾರ ಇಡೀ ದಿನ ಹತ್ತು. ನವರಂಗ್ ಸಾರ್, ನೀವು 8ಕ್ಕೆ ಮುಂಚೆ ಗೇಟ್ ಒಳಗೆ ಹೋಗ್ಬಿಟ್ರೆ ಬೆಳಗ್ಗಿನ ಟ್ರಿಪ್ಪಲ್ಲಿ ಸ್ವಲ್ಪ ಉಳಿಯುತ್ತೆ. ಆದ್ರೆ ಕಾರ್ಡಲ್ಲಿ ಕನಿಷ್ಠ 90 ರೂಪಾಯಿ ಬ್ಯಾಲೆನ್ಸ್ ಇರಲೇಬೇಕು, ಇಲ್ಲಾಂದ್ರೆ ಗೇಟ್ ಬಿಡಲ್ಲ, ಹಿಂದೆ ನಿಂತೋರೆಲ್ಲಾ ಕಾಯ್ಬೇಕಾಗುತ್ತೆ.

ಶ್ರೀರಾಂಪುರ_ಕ್ರಾಸ್
5 ಪರ್ಸೆಂಟು ಅಂದ್ರೆ 80ರಲ್ಲಿ 4 ರೂಪಾಯಿ ಗುರು. ಒಂದು ಅರ್ಧ ಟೀನೂ ಬರಲ್ಲ ಅದಕ್ಕೆ.

ದಿಲ್ಲಿ_ಕನ್ನಡಿಗ
ನಾನು ದ್ವಾರಕಾದಲ್ಲಿರೋನು, ಮೂಲ ತುಮಕೂರು. ದಿಲ್ಲಿಲೂ 2025 ಆಗಸ್ಟಲ್ಲಿ ರೇಟ್ ಜಾಸ್ತಿ ಮಾಡಿದ್ರು, ಆದ್ರೂ ಮ್ಯಾಕ್ಸಿಮಮ್ 64 ರೂಪಾಯಿ. ಇಲ್ಲಿನ ದೂರಗಳು ಬೆಂಗಳೂರಿಗಿಂತ ಜಾಸ್ತಿ. ಊರಿಗೆ ಬಂದಾಗ ಮಾದಾವರದಿಂದ ಜಯನಗರಕ್ಕೆ ಹೋಗೋಕೆ ಕೊಟ್ಟ ದುಡ್ಡು ನೋಡಿ ನಂಗೆ ಬೇಜಾರಾಯ್ತು. ಜನಸಾಮಾನ್ಯರ ಗಾಡಿ ಅಂತ ಕಟ್ಟಿದ್ದು ಜನಸಾಮಾನ್ಯರ ಕೈಗೆ ಸಿಗೋ ಹಾಗಿರ್ಬೇಕು.

ಬನಶಂಕರಿ_ಮೇಷ್ಟ್ರು
ದಿಲ್ಲಿಗೂ ನಮಗೂ ಹೋಲಿಸೋದು ಸರಿಯಲ್ಲ. ಅಲ್ಲಿ 2002ರಲ್ಲೇ ಶುರುವಾಗಿ ಜಾಲ ದೊಡ್ಡದಾಗಿದೆ, ಒಂದು ಲೈನಿನ ನಷ್ಟವನ್ನ ಇನ್ನೊಂದು ಲೈನ್ ಹೊರುತ್ತೆ. ನಮ್ಮಲ್ಲಿ ಸಾಲ ತೀರಿಸ್ಬೇಕು, ಹೊಸ ಲೈನ್ ಕಟ್ಬೇಕು, ಕರೆಂಟ್ ಬಿಲ್ಲು, ಸಿಬ್ಬಂದಿ ಸಂಬಳ. 2017ರಿಂದ ಏಳು ವರ್ಷಕ್ಕೂ ಮೇಲೆ ದರ ಮುಟ್ಟದೇ ಇಟ್ಟು ಆಮೇಲೆ ಒಂದೇ ಏಟಿಗೆ ಏರಿಸಿದ್ದು ತಪ್ಪು, ಅದನ್ನ ಒಪ್ತೀನಿ. ವರ್ಷಾ ವರ್ಷ ಎರಡೆರಡು ರೂಪಾಯಿ ಏರಿಸಿದ್ರೆ ಯಾರಿಗೂ ಈ ಮಟ್ಟಿಗೆ ಚುರುಕು ಮುಟ್ತಿರಲಿಲ್ಲ.

ಹೊಂಗಸಂದ್ರ_ನಿವಾಸಿ
ಮೇಷ್ಟ್ರೇ, ಚುರುಕು ಮುಟ್ಟೋದು ಯಾರಿಗೆ ಅಂತ ಒಂಚೂರು ನೋಡಿ. ನಮ್ಮ ಬೊಮ್ಮನಹಳ್ಳಿ, ಹೊಂಗಸಂದ್ರ ಸುತ್ತಮುತ್ತ ಗಾರ್ಮೆಂಟ್ಸ್ ಫ್ಯಾಕ್ಟರಿಗಳು ತುಂಬಾ ಇವೆ. ಬೆಳಿಗ್ಗೆ ಎಂಟು ಗಂಟೆಗೆ ಹೊಸೂರು ರೋಡ್ ಪಕ್ಕ ಸಾಲು ಸಾಲಾಗಿ ನಡ್ಕೊಂಡು ಹೋಗ್ತಾರಲ್ಲ ಹೆಣ್ಮಕ್ಳು, ಟಿಫನ್ ಬಾಕ್ಸ್ ಹಿಡ್ಕೊಂಡು, ಅವರ ತಲೆ ಮೇಲೆನೇ ಹೋಗುತ್ತೆ ಹಳದಿ ಲೈನು. ಅದರಲ್ಲಿ ಹತ್ತೋರು ಎಷ್ಟು ಜನ? ನಮ್ಮ ಅಕ್ಕ ಟೈಲರಿಂಗ್ ಸೆಕ್ಷನ್ನಲ್ಲಿದ್ದಾಳೆ. 2023 ಜೂನಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಫ್ರೀ. ಬಸ್ಸಲ್ಲಿ ಮುಕ್ಕಾಲು ಗಂಟೆ ಜಾಸ್ತಿ ಹಿಡಿದ್ರೂ ಅವಳು ಬಸ್ಸೇ ಹತ್ತೋದು, ಯಾಕಂದ್ರೆ ದಿನಕ್ಕೆ ಅರವತ್ತು ಎಪ್ಪತ್ತು ರೂಪಾಯಿ ಅಂದ್ರೆ ಅವಳಿಗೆ ಮನೆಗೆ ಹಾಲು ತರಕಾರಿ. ಅವಳ ಟೈಮಿಗೆ ಬೆಲೆ ಇಲ್ವಾ? ಅವಳಿಗೂ ಮಕ್ಳಿದಾವೆ.

ಈ ಲೈನ್ ಐಟಿಯೋರಿಗೆ ಅಂತ ಮಾತಾಡೋದು ನಿಲ್ಲಿಸ್ಬೇಕು. ಇದು ಬೊಮ್ಮಸಂದ್ರ ಇಂಡಸ್ಟ್ರಿಯಲ್ ಏರಿಯಾ ತನಕ ಹೋಗೋ ಲೈನು. ಅಲ್ಲಿ ಕೆಲಸ ಮಾಡೋರಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇರೋರು ಎಷ್ಟು ಮಂದಿ?

ಜಯನಗರ_ಟಿ_ಬ್ಲಾಕ್
ಇದನ್ನ ಯಾರೂ ಹೇಳೇ ಇರ್ಲಿಲ್ಲ. ಥ್ಯಾಂಕ್ಸ್ ಅಕ್ಕ.

ಬನಶಂಕರಿ_ಮೇಷ್ಟ್ರು
ಮಾತು ಸರಿಯಾಗಿದೆ ತಾಯಿ. ಫ್ಯಾಕ್ಟರಿ ಕೆಲಸಗಾರರಿಗೆ ರಿಯಾಯಿತಿ ಪಾಸ್ ಕೊಡಬೇಕು ಅನ್ನೋದಕ್ಕೆ ನನ್ನದೂ ಸಹಮತ ಇದೆ. ದುಡ್ಡು ಎಲ್ಲಿಂದ ಅನ್ನೋ ಪ್ರಶ್ನೆನ ಸರ್ಕಾರ ಉತ್ತರಿಸ್ಬೇಕು, ಟಿಕೆಟ್ ತಗೊಳ್ಳೋ ಪ್ರಯಾಣಿಕರ ಮೇಲೆ ಹಾಕೋದಲ್ಲ.

ಮಂಡ್ಯ_ಬೆಲ್ಲ
ಅಲ್ಲಾ ಒಂದ್ ಡೌಟು, ಲೈನ್ ರೆಡಿ ಆಗಿ ಎಷ್ಟೋ ದಿನ ಸುಮ್ನೆ ನಿಂತಿತ್ತಲ್ಲಾ, ಆಮೇಕೆ ಸುರು ಮಾಡದ್ ಮೇಲೂ ಗಾಡಿ ಯಾಕ್ ಇಷ್ಟ್ ಕಮ್ಮಿ? ಹಳಿ ಹಾಕ್ದೋರ್ಗೆ ಗಾಡಿ ಬೇಕು ಅಂತ ಗೊತ್ತಿರ್ನಿಲ್ವಾ?

ಹಳಿ_ಪ್ರೇಮಿ
ಗೊತ್ತಿತ್ತು, ಆರ್ಡರೂ 2019ರಲ್ಲೇ ಆಗಿತ್ತು. ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 216 ಬೋಗಿ, ಅಂದ್ರೆ ಆರು ಬೋಗಿಯ 36 ರೈಲು. ಕಂಡೀಷನ್ ಏನಂದ್ರೆ ಬಹುಪಾಲು ಗಾಡಿ ಇಂಡಿಯಾದಲ್ಲೇ ತಯಾರಾಗ್ಬೇಕು. ಅವರು ಇಲ್ಲಿ ಫ್ಯಾಕ್ಟರಿ ಹಾಕೋಕಾಗ್ಲಿಲ್ಲ, ಕೋವಿಡ್ ಬಂತು, ಗಡಿ ಗಲಾಟೆ ಆಗಿ ಚೀನಾದವರಿಗೆ ವೀಸಾ ಸಿಗೋದು ಕಷ್ಟ ಆಯ್ತು. ಆಮೇಲೆ ಕೋಲ್ಕತ್ತಾ ಹತ್ರ ಉತ್ತರಪಾರಾದಲ್ಲಿರೋ ಟಿಟಾಗಢ ಕಂಪನಿ ಜೊತೆ ಸೇರ್ಕೊಂಡು ಅಲ್ಲಿ ಮಾಡೋದು ಅಂತಾಯ್ತು. ಮೊದಲನೇ ಗಾಡಿ ಚೀನಾದಿಂದ ಹಡಗಲ್ಲಿ ಚೆನ್ನೈಗೆ ಬಂದು ಅಲ್ಲಿಂದ ಟ್ರೈಲರ್ ಮೇಲೆ ಹೆಬ್ಬಗೋಡಿ ಡಿಪೋ ಸೇರಿದ್ದು 2024 ಫೆಬ್ರವರಿಲಿ.

ಇನ್ನೊಂದು ವಿಷಯ, ಹಸಿರು ನೇರಳೆ ಲೈನ್ ಗಾಡಿ ತಂದು ಹಳದಿ ಮೇಲೆ ಓಡಿಸಿ ಅಂತ ತುಂಬಾ ಜನ ಕೇಳ್ತಾರೆ. ಆಗಲ್ಲ. ಹಳದಿದು ಸಿಬಿಟಿಸಿ ಸಿಗ್ನಲಿಂಗ್, ರೈಲು ಮತ್ತೆ ಕಂಟ್ರೋಲ್ ರೂಮು ರೇಡಿಯೋದಲ್ಲಿ ಸದಾ ಮಾತಾಡ್ಕೊಂಡೇ ಇರುತ್ತೆ, ಡ್ರೈವರ್ ಇಲ್ಲದೆ ಓಡೋ ಸಾಮರ್ಥ್ಯ ಇದೆ, ಸದ್ಯಕ್ಕೆ ಒಳಗೆ ಆಪರೇಟರ್ ಇರ್ತಾರೆ. ಹಳೇ ಲೈನ್‌ಗಳ ವ್ಯವಸ್ಥೆ ಬೇರೆ. 36ರಲ್ಲಿ 15 ಮಾತ್ರ ಹಳದಿಗೆ, ಉಳಿದ 21 ಆ ಕಡೆಗೆ. ಒಂದೊಂದು ಗಾಡಿ ಬಂದಾಗ್ಲೂ ಜೋಡಿಸಿ, ರಾತ್ರಿ ಹೊತ್ತು ಓಡಿಸಿ, ಬ್ರೇಕ್ ಸಿಗ್ನಲ್ ಎಲ್ಲಾ ಟೆಸ್ಟ್ ಮಾಡಿನೇ ಜನರನ್ನ ಹತ್ತಿಸ್ಬೇಕು. ಅದಕ್ಕೆ 25, 19, 15 ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳೀತಿರೋದು.

ಮಂಡ್ಯ_ಬೆಲ್ಲ
ಈಗ ಅರ್ಥ ಆಯ್ತು ಕಣಣ್ಣ. ಇಷ್ಟ್ ಬಿಡಿಸಿ ಯಾವ್ ಟೀವಿಲೂ ಹೇಳ್ನಿಲ್ಲ.

ನೇರಳೆ_ಲೈನ್
ಅರ್ಧಂಬರ್ಧ ಶುರು ಮಾಡೋದು ನಮಗೂ ಗೊತ್ತು. 2023 ಮಾರ್ಚಲ್ಲಿ ವೈಟ್‌ಫೀಲ್ಡಿಂದ ಕೆ.ಆರ್. ಪುರ ತನಕ ಓಪನ್ ಮಾಡಿದ್ರು, ಆಮೇಲೆ ಬೈಯಪ್ಪನಹಳ್ಳಿಗೆ ಬರೀ ಎರಡು ಕಿಲೋಮೀಟರ್ ಬಾಕಿ. ಬೆನ್ನಿಗಾನಹಳ್ಳಿ ಹತ್ರ ರೈಲ್ವೆ ಹಳಿ ಮೇಲೆ ಕಬ್ಬಿಣದ ಗರ್ಡರ್ ಕೂರಿಸೋ ತನಕ ನಾವು ಟಿನ್ ಫ್ಯಾಕ್ಟರಿಲಿ ಇಳಿದು ಫೀಡರ್ ಬಸ್ಸಿಗೆ ಓಡ್ತಿದ್ವಿ, ಮಳೆಲಿ, ಬಿಸಿಲಲ್ಲಿ. ಅಕ್ಟೋಬರ್ 9ಕ್ಕೆ ಅದು ಸೇರಿದ ದಿನದಿಂದ ಲೈಫೇ ಬೇರೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್ 43 ಕಿಲೋಮೀಟರ್ ಒಂದೇ ಗಾಡಿಲಿ. ಹಾಗಾಗಿ ತಾಳ್ಮೆ ಇಟ್ಕೊಳ್ಳಿ, ಹಳದಿನೂ ಸರಿಯಾಗುತ್ತೆ.

ಶ್ರೀರಾಂಪುರ_ಕ್ರಾಸ್
ತಾಳ್ಮೆ ಇಟ್ಕೊಳ್ಳಿ ತಾಳ್ಮೆ ಇಟ್ಕೊಳ್ಳಿ ಅಂತ 2012ರಿಂದ ಕೇಳ್ತಾನೇ ಇದೀವಿ, ಎಂ.ಜಿ. ರೋಡಿಂದ ಬೈಯಪ್ಪನಹಳ್ಳಿಗೆ ಮೊದಲ ಗಾಡಿ ಬಿಟ್ಟಾಗಿನಿಂದ.

ಹಳಿ_ಪ್ರೇಮಿ
2011 ಅಕ್ಟೋಬರ್ 20.

ಚಿಕ್ಕಪೇಟೆ_ಅಂಗಡಿ
ತಾಳ್ಮೆ ಬಗ್ಗೆ ನಮ್ಮ ಪೇಟೆಯೋರನ್ನ ಕೇಳಿ. ನೆಲದ ಕೆಳಗೆ ಸುರಂಗ ಕೊರೆಯೋ ಮಷಿನ್‌ಗಳಿಗೆ ಗೋದಾವರಿ, ಕೃಷ್ಣಾ, ಕಾವೇರಿ ಅಂತೆಲ್ಲಾ ಹೆಸರಿಟ್ಟಿದ್ರು, ಮಾರ್ಗರೀಟಾ ಅಂತ ಒಂದು. ಮೆಜೆಸ್ಟಿಕ್ ಕಡೆ ಬಂಡೆ ಕೊರೆಯುವಾಗ ಗೋದಾವರಿ ಮುಂಭಾಗದ ಕಟರೇ ಹಾಳಾಗಿ ತಿಂಗಳುಗಟ್ಟಲೆ ನಿಂತುಬಿಡ್ತು. ಮೇಲೆ ನಮ್ಮ ಬೀದಿ, ಕೆಳಗೆ ಅದು. ಮಾರ್ಕೆಟ್ ಹತ್ರ ರಸ್ತೆಯೆಲ್ಲಾ ಅಗೆದು ಶೀಟ್ ಕಟ್ಟಿದ್ರು, ಗಿರಾಕಿ ಬರೋಕೆ ದಾರಿನೇ ಇರ್ಲಿಲ್ಲ. 2017ರಲ್ಲಿ ಹಸಿರು ಲೈನ್ ಮೊದಲ ಹಂತ ಪೂರ್ತಿ ಆಯ್ತು. ಈಗ ನಾಗಸಂದ್ರ ಕಡೆಯಿಂದ, ಕನಕಪುರ ರೋಡ್ ಕಡೆಯಿಂದ ಸೀರೆ ತಗೊಳ್ಳೋಕೆ ಬರೋರು ಮೆಟ್ರೋದಲ್ಲೇ ಬರ್ತಾರೆ, ಪಾರ್ಕಿಂಗ್ ಚಿಂತೆ ಇಲ್ಲ. ಮದುವೆ ಸೀಸನ್ನಲ್ಲಿ ಸಂಜೆ ಗಾಡಿ ಹತ್ತಿದ್ರೆ ಬೋಗಿ ತುಂಬಾ ನಮ್ಮ ಪೇಟೆ ಕವರ್‌ಗಳೇ.

ಕುಡ್ಲದ_ಮಳೆ
ಮಂಗಳೂರಿನವರು ನಾವು ಇದನ್ನೆಲ್ಲ ಓದಿ ಹೊಟ್ಟೆ ಉರ್ಕೊಳ್ಳೋದು ಅಷ್ಟೇ ಮಾರಾಯ್ರೆ. ಬೆಂಗಳೂರಿಗೆ ಬಂದ್ರೆ ಮಗನ ರೂಮಿಗೆ ಹೋಗ್ಲಿಕ್ಕೆ ಮೆಟ್ರೋನೇ ನಮಗೆ ಧೈರ್ಯ. ಆಟೋದವರ ಹತ್ರ ಚೌಕಾಸಿ ಮಾಡ್ಲಿಕ್ಕೆ ಇಲ್ಲ, ಸ್ಟೇಷನ್ ಹೆಸರು ಕನ್ನಡದಲ್ಲಿ ಬರ್ದಿರ್ತದೆ, ಕನ್ನಡದಲ್ಲಿ ಹೇಳ್ತಾರೆ. ಆ ಹೇಳುವ ಹೆಂಗಸಿನ ದನಿ ಎಷ್ಟು ಚಂದ ಉಂಟು!

ಜಯನಗರ_ಟಿ_ಬ್ಲಾಕ್
ಹಸಿರು, ನೇರಳೆ ಲೈನಲ್ಲಿ ಕೇಳ್ಸೋದು ನಿರೂಪಕಿ ಅಪರ್ಣಾ ಅವರ ದನಿ. 2024 ಜುಲೈಲಿ ತೀರ್ಕೊಂಡ್ರು. ಆ ವಾರ ನಾನು ಆಫೀಸಿಗೆ ಹೋಗ್ತಾ ಇದ್ದೆ, ನ್ಯಾಷನಲ್ ಕಾಲೇಜ್ ಸ್ಟೇಷನ್ ಅನೌನ್ಸ್ ಆಯ್ತು, ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ರು ತಟ್ಟಂತ ಕಣ್ಣೊರಸ್ಕೊಂಡ್ರು. ನಾನೂ ಏನೂ ಮಾತಾಡೋಕಾಗ್ಲಿಲ್ಲ.

ಬಿಟಿಎಂ_2ನೇ_ಹಂತ
ಎಷ್ಟು ಸ್ಪಷ್ಟ ಕನ್ನಡ ಅದು. ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪಲ್ಲ. ನನ್ನ ಮಗ ಸ್ಟೇಷನ್ ಹೆಸರೆಲ್ಲಾ ಅವರ ಥರಾನೇ ಹೇಳೋದು ಕಲಿತಿದಾನೆ, ಕುವೆಂಪು ರಸ್ತೆ ಅಂತ ಅವನು ಹೇಳೋದು ಕೇಳ್ಬೇಕು ನೀವು.

ದಿಲ್ಲಿ_ಕನ್ನಡಿಗ
ಆ ದನಿನ ಯಾವತ್ತೂ ಬದಲಾಯಿಸ್ಬಾರ್ದು.

ನವರಂಗ್_ಸರ್ಕಲ್
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹೊಸ ರೋಡ್ ಹುಡುಗ ಹೇಳಿದ ಪ್ರಕಾರ ಹಳದಿ ಟೈಮಿಂಗ್ ಇಟ್ಕೊಂಡು ಹಿಂದಿಂದ ಲೆಕ್ಕ ಹಾಕ್ತೀನಿ. ಹೊಂಗಸಂದ್ರದವರ ಮಾತು ತಲೆಲಿ ಕೂತ್ಕೊಂಡಿದೆ. ಇನ್ನೊಂದು ಪ್ರಶ್ನೆ ಉಳೀತು: ಎಲೆಕ್ಟ್ರಾನಿಕ್ ಸಿಟಿ ಸ್ಟೇಷನ್ನಲ್ಲಿ ಇಳೀಬೇಕಾ, ಕೋನಪ್ಪನ ಅಗ್ರಹಾರದಲ್ಲಿ ಇಳೀಬೇಕಾ? ಎರಡೂ ಎಲೆಕ್ಟ್ರಾನಿಕ್ ಸಿಟಿನೇ ಅಂತಾರೆ.

ಹೊಸ_ರೋಡ್_ಹುಡುಗ
ನಿಮ್ಮ ಆಫೀಸ್ ಗೇಟ್ ಯಾವ ಕಡೆ ಅನ್ನೋದರ ಮೇಲೆ ಹೋಗುತ್ತೆ. ಆರ್.ವಿ. ರೋಡಿಂದ ಬರುವಾಗ ಬೆರಟೇನ ಅಗ್ರಹಾರ ಆದ್ಮೇಲೆ ಎಲೆಕ್ಟ್ರಾನಿಕ್ ಸಿಟಿ, ಅದಾದ್ಮೇಲೆ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ. ಇನ್ಫೋಸಿಸ್ ಕ್ಯಾಂಪಸ್ ಕಡೆ ಹೋಗೋರು ಕೋನಪ್ಪನ ಅಗ್ರಹಾರದಲ್ಲೇ ಇಳಿಯೋದು. ಒಂದು ಸಲ ರಜೆ ದಿನ ಎರಡೂ ಕಡೆಯಿಂದ ನಡೆದು ನೋಡಿ. ಮ್ಯಾಪು ನೇರ ಗೆರೆ ಎಳೆದು ಹತ್ರ ಅಂತ ತೋರಿಸುತ್ತೆ, ಆದ್ರೆ ರೋಡ್ ಕ್ರಾಸ್ ಮಾಡೋ ಕಡೆ, ಕ್ಯಾಂಪಸ್ ಗೋಡೆ ಸುತ್ತಿ ಹೋಗೋ ಕಡೆ ಟೈಮ್ ತಿನ್ನುತ್ತೆ.

ಗೇಟ್ ತನಕ ಹೋಗೋಕೆ ಬಿಎಂಟಿಸಿದು ಎಂ.ಎಫ್. ಅಂತ ನಂಬರ್ ಇರೋ ಫೀಡರ್ ಬಸ್ ಇವೆ, ಶೇರ್ ಆಟೋ ಇವೆ. ಆಟೋದಲ್ಲಿ ಹತ್ತೋಕೆ ಮುಂಚೆನೇ ರೇಟ್ ಕೇಳ್ಕೊಳ್ಳಿ. ಸುಮಾರು ಆಫೀಸಿನೋರು ಸ್ಟೇಷನ್ ಹತ್ರಕ್ಕೆ ಶಟಲ್ ಕಳಿಸ್ತಾರೆ, ನಿಮ್ಮ ಟ್ರಾನ್ಸ್‌ಪೋರ್ಟ್ ಡೆಸ್ಕಲ್ಲಿ ಕೇಳಿ. ನಾಲ್ಕೈದು ಜನ ಸೇರಿ ಕೇಳಿದ್ರೆ ಕೊಡ್ತಾರೆ, ಒಬ್ಬರೇ ಕೇಳಿದ್ರೆ ಮೇಲ್ ಹಾಕಿ ಅಂತಾರೆ.

ಜಯನಗರ_ಟಿ_ಬ್ಲಾಕ್
ಆರ್.ವಿ. ರೋಡಲ್ಲಿ ಗೇಟಿಂದ ಆಚೆ ಹೋಗ್ಬೇಡಿ, ಒಳಗಿಂದಲೇ ಬೋರ್ಡ್ ನೋಡ್ಕೊಂಡು ಬದಲಾಯಿಸ್ಬೇಕು, ಅದೇ ಟಿಕೆಟ್ ನಡೆಯುತ್ತೆ. ಹಸಿರಲ್ಲಿ ರಾಜಾಜಿನಗರದಲ್ಲಿ ಹತ್ತುವಾಗ ಸೀಟ್ ಸಿಗ್ಲಿಲ್ಲ ಅಂತ ಬೇಜಾರಾಗ್ಬೇಡಿ, ಮೆಜೆಸ್ಟಿಕ್ಕಲ್ಲಿ ತುಂಬಾ ಜನ ಇಳೀತಾರೆ. ಸೀಟ್ ಬೇಕಂದ್ರೆ ಸಂಪಿಗೆ ರೋಡ್ ದಾಟಿದ ಕೂಡ್ಲೇ ಸೀಟಿನ ಪಕ್ಕ ಬಂದು ನಿಂತಿರಿ, ಯಾಕಂದ್ರೆ ಇಳಿದಷ್ಟೇ ಜನ ನೇರಳೆ ಕಡೆಯಿಂದ ಬಂದು ಹತ್ತುತಾರೆ.

ಬನಶಂಕರಿ_ಮೇಷ್ಟ್ರು
ಸೀಟಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ಹಿರಿಯರಿಗೆ ಅಂತ ಬರೆದಿರೋ ಸೀಟಲ್ಲಿ ಹುಡುಗರು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕಣ್ಮುಚ್ಚಿ ಕೂತಿರ್ತಾರೆ. ಎಬ್ಬಿಸೋಕೆ ನಮಗೇ ಸಂಕೋಚ ಆಗುತ್ತೆ. ನನಗೆ ಮಂಡಿ ನೋವು, ಕಂಬ ಹಿಡ್ಕೊಂಡು ನಿಂತ್ರೆ ಬ್ರೇಕ್ ಹಾಕಿದಾಗ ಜೀವ ಹೋಗುತ್ತೆ.

ಬಿಟಿಎಂ_2ನೇ_ಹಂತ
ಸಾರ್ ಸಂಕೋಚ ಮಾಡ್ಬೇಡಿ, ಭುಜ ಮುಟ್ಟಿ ಕೇಳಿ. ತೊಂಬತ್ತು ಭಾಗ ಹುಡುಗರು ಸಾರಿ ಅಂಕಲ್ ಅಂತ ಎದ್ದೇಳ್ತಾರೆ. ನಾನು ಬೇರೆಯವರ ಪರವಾಗಿ ಕೇಳ್ತೀನಿ, ಯಾರೂ ಜಗಳಕ್ಕೆ ಬಂದಿಲ್ಲ.

ಶ್ರೀರಾಂಪುರ_ಕ್ರಾಸ್
ಹುಡುಗರನ್ನೇ ಬಯ್ಯೋದು ಬೇಡ. ರಾತ್ರಿ ಪಾಳಿ ಮುಗಿಸಿ ಬರೋ ಹುಡುಗರೂ ಇರ್ತಾರೆ, ನಿದ್ದೆ ನಟನೆ ಅಲ್ಲ ಎಲ್ರದೂ. ಆದ್ರೆ ಫೋನ್ ಸ್ಪೀಕರಲ್ಲಿ ರೀಲ್ಸ್ ಹಾಕೋರಿಗೆ ಮಾತ್ರ ಕ್ಷಮೆ ಇಲ್ಲ, ಅದರಲ್ಲಿ ಹುಡುಗರು ಮುದುಕರು ಅಂತ ಭೇದನೇ ಇಲ್ಲ.

ಹೊಂಗಸಂದ್ರ_ನಿವಾಸಿ
ಬ್ಯಾಗ್ ಬೆನ್ನಿಂದ ತೆಗೆದು ಮುಂದಕ್ಕೆ ಹಾಕ್ಕೊಳ್ಳಿ ಅಂತ ದಯವಿಟ್ಟು ಎಲ್ರಿಗೂ ಹೇಳಿ. ರಶ್ಶಲ್ಲಿ ಹಿಂದೆ ನಿಂತ ಕುಳ್ಳಗಿರೋ ಹೆಣ್ಮಕ್ಳ ಮುಖಕ್ಕೆ ಬಂದು ಬಡಿಯುತ್ತೆ. ಮತ್ತೆ ಮೊದಲ ಬೋಗಿ ಹೆಂಗಸರಿಗೆ ಅಂತ ಬರೆದಿದ್ರೂ ಗಂಡಸರು ಬಾಗಿಲ ಹತ್ರನೇ ನಿಂತ್ಕೋತಾರೆ, ಮುಂದಿನ ಸ್ಟೇಷನ್ನಲ್ಲಿ ಇಳೀತೀನಿ ಅಂತ ಒಂದು ಉತ್ತರ ರೆಡಿ ಇರುತ್ತೆ. ಮುಂದಿನ ಸ್ಟೇಷನ್ ತನಕ ಎರಡನೇ ಬೋಗಿಲಿ ನಿಂತ್ರೆ ಆಗಲ್ವಾ?

ಹಳಿ_ಪ್ರೇಮಿ
ರಶ್ ಬಗ್ಗೆ ಒಂದು ಮಾತು. ಆರ್.ವಿ. ರೋಡಲ್ಲಿ ಇಷ್ಟು ನೂಕುನುಗ್ಗಲು ಇರೋದಕ್ಕೆ ಕಾರಣ ಹಳದಿ ಲೈನಿಗೆ ಸದ್ಯಕ್ಕೆ ಹಸಿರು ಬಿಟ್ರೆ ಬೇರೆ ಯಾವ ಲೈನ್ ಜೊತೆಗೂ ಕನೆಕ್ಷನ್ ಇಲ್ಲ, 16 ಸ್ಟೇಷನ್ ಜನ ಊರೊಳಗೆ ಬರೋಕೆ ಇರೋದು ಆ ಒಂದೇ ಬಾಗಿಲು. ಜಯದೇವದಲ್ಲಿ ಗುಲಾಬಿ ಲೈನ್ ಸೇರುತ್ತೆ, ಸಿಲ್ಕ್ ಬೋರ್ಡಲ್ಲಿ ಕೆ.ಆರ್. ಪುರ ಕಡೆಯಿಂದ ಬರೋ ನೀಲಿ ಲೈನ್ ಸೇರುತ್ತೆ. ಅವೆರಡೂ ಶುರುವಾದ್ರೆ ಬನ್ನೇರುಘಟ್ಟ ರೋಡ್‌ನೋರು, ಮಾರತಹಳ್ಳಿ ಕಡೆಯೋರು ಆರ್.ವಿ. ರೋಡಿಗೆ ಬರೋ ಅಗತ್ಯನೇ ಇರಲ್ಲ. ನನ್ನ ಕಣ್ಣಿಗೆ ಬೆಂಗಳೂರು ಮೆಟ್ರೋದ ನಿಜವಾದ ಬಲ ಗೊತ್ತಾಗೋದು ಆ ದಿನ, ಇವತ್ತು ನಾವು ನೋಡ್ತಿರೋದು ಅರ್ಧ ನೇಯ್ದ ಬಲೆ ಅಷ್ಟೇ.

ಬಿಟಿಎಂ_2ನೇ_ಹಂತ
ಜಯದೇವ ಅಂದಾಗ ನೆನಪಾಯ್ತು, ಅಲ್ಲಿದ್ದ ಹಳೇ ಫ್ಲೈಓವರನ್ನ 2020ರಲ್ಲಿ ಕೆಡವಿದಾಗ ನಮ್ಮ ಏರಿಯಾದ ಎಲ್ರೂ ಶಾಪ ಹಾಕಿದ್ವಿ. ಈಗ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ತನಕ ಕೆಳಗೊಂದು ರಸ್ತೆ, ಅದರ ಮೇಲೆ ಫ್ಲೈಓವರ್ ರಸ್ತೆ, ಅದಕ್ಕೂ ಮೇಲೆ ಮೆಟ್ರೋ. ಸಂಜೆ ಆರೂಮುಕ್ಕಾಲಿಗೆ ಸಿಲ್ಕ್ ಬೋರ್ಡ್ ಬರುವಾಗ ಕಿಟಕಿಯಿಂದ ಕೆಳಗೆ ನೋಡಿ, ಹೊಸೂರು ರೋಡ್ ಪೂರ್ತಿ ಕೆಂಪು ಲೈಟು, ಒಂದೂ ಅಲ್ಲಾಡ್ತಿರಲ್ಲ. ಎದುರು ಸೀಟಿನೋರು ಟಿಫನ್ ಬಾಕ್ಸ್ ತಬ್ಕೊಂಡು ಆರಾಮಾಗಿ ನಿದ್ದೆ ಮಾಡ್ತಿರ್ತಾರೆ.

ಧಾರವಾಡ_ಮಂದಿ
ನಡುವ ಬಾಯಿ ಹಾಕ್ತೀನ್ರಿ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಕಡೆ ಹುಬ್ಬಳ್ಳಿ ಧಾರವಾಡ ನಡುವ ಚಿಗರಿ ಬಸ್ ಐತ್ರಿ, ಅದಕ್ಕ ಬ್ಯಾರೆ ರಸ್ತೆನ ಮಾಡ್ಯಾರ. ಅದರಾಗ ಅಡ್ಡಾಡಿದ ಮ್ಯಾಲ ನನಗ ತಿಳದದ್ದ ಏನಂದ್ರ, ಗಾಡಿ ಎಷ್ಟ ಚಲೋ ಇದ್ರೂ ಇಳದ ಮ್ಯಾಲ ಮನಿ ಮುಟ್ಟಾಕ ದಾರಿ ಸರಿ ಇರ್ಲಿಲ್ಲಂದ್ರ ಮಂದಿ ಮತ್ತ ಟೂ ವೀಲರ್ ಹತ್ತತಾರ. ನಿಮ್ಮಲ್ಲೂ ಅದ ಕಥಿ ಕಾಣ್ತೈತಿ.

ನಾ ಕೇಳಾಕ ಬಂದದ್ದ ಬ್ಯಾರೆ. ಮಗಳು ಹೆಬ್ಬಗೋಡಿಯಾಗ ಕೆಲಸಕ್ಕ ಸೇರ್ಯಾಳ್ರಿ. ಶನಿವಾರ ಊರಿಗೆ ಬಂದ್ರ ಸೋಮವಾರ ನಸುಕಿನ್ಯಾಗ ಮೆಜೆಸ್ಟಿಕ್ಕಿಗೆ ಇಳಿತಾಳ. ಆ ಹೊತ್ತಿನ್ಯಾಗ ಒಬ್ಬಾಕಿ ಆಟೋ ಹತ್ತೋದು ನನಗ ಮನಸ್ಸಿಲ್ಲ. ಮೆಟ್ರೋ ಎಷ್ಟಕ್ಕ ಚಾಲೂ ಆಗ್ತೈತ್ರಿ?

ನೇರಳೆ_ಲೈನ್
ಸೋಮವಾರ ಬೇಗ ಶುರು ಸಾರ್. ಊರಿಂದ ಬರೋರಿಗೆ ಅಂತಾನೇ 2025 ಜನವರಿ 13ರಿಂದ ಸೋಮವಾರ ಬೆಳಿಗ್ಗೆ 4:15ಕ್ಕೆ ಹಸಿರು, ನೇರಳೆ ಲೈನ್ ಕೊನೇ ಸ್ಟೇಷನ್‌ಗಳಿಂದ ಮೊದಲ ಗಾಡಿ ಬಿಡ್ತಾರೆ, ಭಾನುವಾರ ಬಿಟ್ಟು ಬೇರೆ ದಿನ 5ಕ್ಕೆ. ಮೆಜೆಸ್ಟಿಕ್ಕಿಗೆ ಬರೋಕೆ ಅದಕ್ಕೆ ಸ್ವಲ್ಪ ಟೈಮ್ ಹಿಡಿಯುತ್ತೆ.

ಹೊಸ_ರೋಡ್_ಹುಡುಗ
ಆದ್ರೆ ಹಳದಿ ಲೈನ್ ಅಷ್ಟು ಬೇಗ ಶುರುವಾಗಲ್ಲ ಸಾರ್, ಅದರ ಮೊದಲ ಗಾಡಿ ಟೈಮ್ ಬದಲಾಗ್ತಾ ಇರುತ್ತೆ, ಹೊರಡೋ ಹಿಂದಿನ ದಿನ ಆಪಲ್ಲಿ ನೋಡ್ಕೊಳ್ಳೋಕೆ ಹೇಳಿ. ಅಲ್ಲಿ ತನಕ ಮೆಜೆಸ್ಟಿಕ್ ಸ್ಟೇಷನ್ ಒಳಗೆ ಕಾಯೋದಕ್ಕಿಂತ ಹಸಿರು ಹಿಡಿದು ಆರ್.ವಿ. ರೋಡಿಗೆ ಬಂದು ಹಳದಿ ಪ್ಲಾಟ್‌ಫಾರ್ಮಲ್ಲಿ ನಿಂತ್ರೆ ಒಳ್ಳೇದು. ಸೋಮವಾರ ಬೆಳಿಗ್ಗೆ ಅಲ್ಲಿ ಬ್ಯಾಗ್ ಹಿಡ್ಕೊಂಡು ಊರಿಂದ ಬಂದ ಹುಡುಗೀರು ಸುಮಾರು ಜನ ಇರ್ತಾರೆ, ಸೆಕ್ಯೂರಿಟಿಯೋರೂ ಇರ್ತಾರೆ.

ಧಾರವಾಡ_ಮಂದಿ
ಭಾಳ ಉಪಕಾರ ಆತ್ರಿ ತಮ್ಮಾ. ಕಾರ್ಡ್ ಎಲ್ಲಿ ಸಿಗ್ತೈತಿ?

ಹಳಿ_ಪ್ರೇಮಿ
ಸ್ಟೇಷನ್ ಕೌಂಟರಲ್ಲೇ ಕೊಡ್ತಾರೆ ಸಾರ್. ಸೋಮವಾರ ಬೆಳಿಗ್ಗೆ ತಗೊಳ್ಳೋಕೆ ಹೋದ್ರೆ ಮೆಜೆಸ್ಟಿಕ್ಕಲ್ಲಿ ಕ್ಯೂ ಇರುತ್ತೆ. ಈ ವಾರ ಸಂಜೆ ಹೊತ್ತು ಹೆಬ್ಬಗೋಡಿಲೇ ಮಾಡಿಸಿ ದುಡ್ಡು ಹಾಕಿಟ್ಕೊಳ್ಳೋಕೆ ಹೇಳಿ.